ಗುಳಿಗೆ ಎಣಿಕೆ

ಎಂಟು ಗಂಟೆಗೇ ಫೋನು, ಕ್ಲಿನಿಕ್ಕಿನಿಂದ.
ಸಂಜೆ ನಾಲ್ಕರೊಳಗೆ ಬರಬೇಕು, ಶೀಶೆ ಸಮೇತ.
ಮೊದಲೇ ಹೇಳುವುದಿಲ್ಲ ಅವರು,
ಹೇಳಿದರೆ ಎಣಿಕೆಗೇನು ಬೆಲೆ?
ಹೊರಗೆ ಮೊಣಕಾಲುದ್ದ ಹಿಮ.
ನಲವತ್ತೊಂದು ಮೈಲಿ, ಉದ್ದಕ್ಕೂ ಬೆಟ್ಟದ ತಿರುವು.
ಕೆಂಟಕಿಯ ಈ ಮೂಲೆಯಲ್ಲಿ ನೆಟ್ಟಗಿದ್ದ ಒಂದೇ ರಸ್ತೆ
ಕಲ್ಲಿದ್ದಲ ಲಾರಿಗಳದು;
ಗಣಿ ಮುಚ್ಚಿದ ಮೇಲೆ ಅದರ ಮೇಲೂ ಹುಲ್ಲು.

ಈ ತಿರುವುಗಳಲ್ಲೇ ಇಪ್ಪತ್ತೆರಡು ವರ್ಷ
ಟಪಾಲು ಹಂಚಿದವಳು ನಾನು, ಡೆಲ್ಫಿಯಾ ರಾಟ್ಲಿಫ್.
ಯಾರ ಡಬ್ಬಿಯ ಬಾಗಿಲು ಕಿರುಗುಟ್ಟುತ್ತದೆ,
ಯಾವುದರೊಳಗೆ ಕಣಜ ಗೂಡು ಕಟ್ಟಿದೆ,
ಕಣ್ಣು ಕಟ್ಟಿ ಬಿಟ್ಟರೂ ಹೇಳಿಯೇನು.
ಒಂದು ಫೆಬ್ರವರಿ, ಮಂಜುಗಡ್ಡೆಯ ಮೇಲೆ ಜೀಪು ಜಾರಿ
ಹಳ್ಳಕ್ಕೆ ಬಿತ್ತು. ಪತ್ರಗಳೆಲ್ಲ ನೀರುಪಾಲು.
ನನ್ನ ಬೆನ್ನಿಗೆ ಎರಡು ಸರಳು, ಆರು ತಿರುಪುಮೊಳೆ.
ಇಲಾಖೆಯವರು ಮೊದಲು ಕೇಳಿದ್ದು
ಪತ್ರಗಳ ಲೆಕ್ಕ.

ನೋವು ಎಷ್ಟು, ಹತ್ತರಲ್ಲಿ? ಎನ್ನುತ್ತಾರೆ.
ಹೇಗೆ ಹೇಳಲಿ,
ಸಿಂಕಿಗೆ ಒರಗಿ ಪಾತ್ರೆ ತೊಳೆಯುತ್ತಿರುತ್ತೇನೆ,
ಒಂದು ತಟ್ಟೆ ಮುಗಿಯುವಷ್ಟರಲ್ಲಿ ಯಾರೋ
ಸೊಂಟದೊಳಗೆ ಒದ್ದೆ ಬಟ್ಟೆ ಹಿಂಡುತ್ತಾರೆ,
ಹಿಂಡುತ್ತಲೇ ಇರುತ್ತಾರೆ,
ನೀರೆಲ್ಲ ಮುಗಿದರೂ.
'ಆರು' ಎನ್ನುತ್ತೇನೆ.
ಎಂಟೆಂದರೆ ಚಟದವಳು, ನಾಲ್ಕೆಂದರೆ ಗುಳಿಗೆ ಕಡಿತ.
ಆರಕ್ಕೆ ಒಂದಿಷ್ಟು ಮರ್ಯಾದೆ ಉಳಿದಿದೆ.

ಅವರದೂ ತಪ್ಪೆನ್ನಲಾರೆ.
ಸಾವಿಲ್ಲದ ಮನೆಯ ಸಾಸಿವೆ ಬೇಕೆಂದರೆ
ನನ್ನ ಹಾದಿಯ ನಾನೂರ ಹನ್ನೆರಡು ಡಬ್ಬಿಗಳಲ್ಲಿ
ಎಲ್ಲಿ ಹುಡುಕಲಿ?
ಒಂದು ಕಾಲಕ್ಕೆ ಫ್ಲೋರಿಡಾದಿಂದ ಬರುತ್ತಿದ್ದವು ದಪ್ಪ ಲಕೋಟೆ,
ಕೈಗೆತ್ತಿಕೊಂಡರೆ
ಒಣಗಿದ ಅವರೆಕಾಯಿ ಅಲುಗಿಸಿದ ಸದ್ದು.
ಹಂಚಿದ್ದು ಇದೇ ಕೈ.
ವಿಳಾಸ ಸರಿಯಿತ್ತು. ಸ್ಟಾಂಪು ಸರಿಯಿತ್ತು.
ಹೆನ್ಸ್ಲಿಯವರ ಹುಡುಗ ಕೋಲ್ಬಿ, ಡಿಸೆಂಬರಿನಲ್ಲೂ ಜಾಕೆಟ್ಟಿಲ್ಲದೆ,
ಡಬ್ಬಿಯ ಕಂಬಕ್ಕೊರಗಿ ಕಾಯುತ್ತಿದ್ದ.
ಪೆಟ್ರೋಲು ಬಂಕಿನ ಕಕ್ಕಸಿನಲ್ಲಿ ಅವನನ್ನು ಕಂಡವಳು
ಅವನಕ್ಕ.

ಆ ಅಕ್ಕ, ಟ್ಯಾಮ್ಸಿನ್, ಈಗ ನನ್ನೆದುರು.
ನೀಲಿ ತಟ್ಟೆ, ಚಪ್ಪಟೆ ಚಮಚ,
ಬಲದಿಂದ ಎಡಕ್ಕೆ ಐದೈದಾಗಿ ಸರಿಸುತ್ತಾಳೆ.
ತುಟಿ ಅಲ್ಲಾಡುವುದಿಲ್ಲ.
ಇಪ್ಪತ್ತೆಂಟಿರಬೇಕು.
ಮೂವತ್ತೊಂದು.
ಮತ್ತೆ ಎಣಿಸಿದಳು.
ಮೂವತ್ತೊಂದು.

ಕಡಿಮೆ ಬಿದ್ದರೆ ಮಾರಿದ್ದೀಯ, ಇಲ್ಲ ಮುಕ್ಕಿದ್ದೀಯ.
ಮಿಕ್ಕರೆ?
ನಿನಗೆ ಬೇಕಿಲ್ಲವೆಂದಾಯಿತು, ಮುಂದಿನ ತಿಂಗಳು ಅಷ್ಟು ಕಡಿತ.
ಮೂರು ರಾತ್ರಿ ಬಾತ್‌ಟಬ್ಬಿನ ಅಂಚು ಹಿಡಿದು
ಹಲ್ಲಿಗೆ ಟವೆಲು ಕೊಟ್ಟು ಉಳಿಸಿದವು ಅವು.
ಶನಿವಾರ ಮೊಮ್ಮಗಳ ಬ್ಯಾಂಡು, ಶಾಲೆಯಲ್ಲಿ.
ಬೆನ್ನಾಸರೆಯಿಲ್ಲದ ಬೆಂಚು, ಎರಡು ಗಂಟೆ.
ಟ್ರಾಂಬೋನು ಊದುತ್ತಾಳೆ ಹುಡುಗಿ,
ಕೇಳಲಾಗುವುದಿಲ್ಲ, ಆದರೂ ಕೇಳಬೇಕು.
ಇದನ್ನೆಲ್ಲ ಬಾಯಿಬಿಟ್ಟು ಹೇಳಲೇ?
ಬಡವಿ ಗಂಟು ಕಟ್ಟಿದರೂ
ಕದ್ದದ್ದೇ ಎನ್ನುವ ಲೋಕ.
ಸುಮ್ಮನಿದ್ದೆ.

ಅವಳೂ ಸುಮ್ಮನಿದ್ದಳು,
ಚಮಚದ ತುದಿಯಲ್ಲಿ ಆ ಮೂರನ್ನು
ಒಂದು ಕಡೆ ತಂದು, ಮತ್ತೆ ಬಿಡಿಸಿ.
ಆಮೇಲೆ, ತಟ್ಟೆಯಿಂದ ಕಣ್ಣೆತ್ತದೆ,
'ಅಲ್ಲಿ ನಿಂತಿರುತ್ತಿದ್ದನಲ್ಲ, ಏನಾದರೂ ಮಾತಾಡುತ್ತಿದ್ದನಾ?'

'ಥ್ಯಾಂಕ್ಯೂ ಅನ್ನುತ್ತಿದ್ದ,' ಎಂದೆ.
'ಪ್ರತಿ ಸಲ.'

ಎಲ್ಲವನ್ನೂ ಶೀಶೆಗೆ ಸುರಿದು ಮುಚ್ಚಳ ತಿರುಗಿಸಿದಳು.
ಹಾಳೆಯ ಮೇಲೆ ಒಂದು ಸಂಖ್ಯೆ ಬರೆದಳು.
ತಲೆಕೆಳಗಾದ ವಿಳಾಸವನ್ನೂ ಓದಬಲ್ಲವಳು ನಾನು,
ಓದಲಿಲ್ಲ.

ಹಿಮ ನಿಂತಿತ್ತು. ಉಪ್ಪು ಚೆಲ್ಲಿದ ರಸ್ತೆ.
ಪ್ರತಿ ತಿರುವಿಗೂ, ಪಕ್ಕದ ಸೀಟಿನಲ್ಲಿ,
ಅದೇ ಒಣ ಸದ್ದು.